ಬಿಳಿ ಕೊಡೆಯ ಹಿಂದಿನ ಮನೆ

ಡಚ್ಚರ ಊರಾದ ರೈಸ್‌ವೈಕ್‌ಗೆ ಬಂದು ನಾನು ಏನೇನೋ ಆದೆ. ಭಾನುವಾರ ಮಧ್ಯಾಹ್ನ ಮಾತ್ರ ಸಂಬಳವಿಲ್ಲದ ದುಭಾಷಿ. ಸೋಫಾದ ಎಡಕ್ಕೆ ಮಲ್ಪೆಯಿಂದ ಮೂರು ತಿಂಗಳ ಮಟ್ಟಿಗೆ ಬಂದಿರುವ ನನ್ನ ಅಮ್ಮ ವಿನೋದಾ, ಬಲಕ್ಕೆ ಕೆಳಗಿನ ಮನೆಯ, ಟರ್ಕಿ ಮೂಲದ ಹಲೀಲ್ ಅಂಕಲ್. ಎದುರಿಗೆ, ಎಪ್ಪತ್ತು ವರ್ಷ ಹಿಂದಿನ ಕಾಲದಲ್ಲಿ ನಡೆಯುವ ಟರ್ಕಿಯ ಧಾರಾವಾಹಿ. ಒಂದು ಕಂತು ಎರಡೂವರೆ ಗಂಟೆ. ಅದರಲ್ಲಿ ಕಥೆ ಹತ್ತು ನಿಮಿಷ, ಉಳಿದದ್ದೆಲ್ಲ ನೋಟ. ಅವನು ಅವಳನ್ನು ನೋಡುತ್ತಾನೆ, ಅವಳು ಕಡಲನ್ನು ನೋಡುತ್ತಾಳೆ, ಅತ್ತೆ ಇಬ್ಬರನ್ನೂ ನೋಡುತ್ತಾಳೆ. ಅಂಕಲ್ ಡಚ್ಚಿನಲ್ಲಿ ವಿವರಿಸಿದ್ದನ್ನು ನಾನು ಅಮ್ಮನಿಗೆ ದಾಟಿಸಬೇಕು. ನೋಟಕ್ಕೆ ಅನುವಾದ ಬೇಕಿಲ್ಲ ಎಂಬುದೇ ನನ್ನ ಪುಣ್ಯ.

ಅಂಕಲ್‌ಗೆ ಕಥೆಯೇ ಬೇಕಿಲ್ಲ. ಚಿತ್ರೀಕರಣ ನಡೆದದ್ದು ಅವರು ಹುಟ್ಟಿದ ಯೆಲ್ಕನ್‌ಕೊಯ್ ಎಂಬ ಮೀನುಗಾರರ ಊರಿನಲ್ಲಿ. ಬಿಟ್ಟು ಐವತ್ತು ವರ್ಷವಾಯಿತು. ಈಗ ಹೃದಯದ ಆಪರೇಷನ್ ಆದಮೇಲೆ ಡಾಕ್ಟರು ವಿಮಾನ ಬೇಡವೆಂದಿದ್ದಾರೆ. ಆದ್ದರಿಂದ ಯಾರೂ ಬರೆಯದ ಆ ಊರಿನ ಚರಿತ್ರೆಯನ್ನು ಅವರು ನನ್ನ ಸೋಫಾದ ಮೇಲೆ ಕೂತು ಬರೆಯುತ್ತಿದ್ದಾರೆ. ತೊಡೆಯ ಮೇಲೆ ತಾವೇ ಬಿಡಿಸಿದ ದಂಡೆಯ ನಕ್ಷೆ, ಅದರಲ್ಲಿ ಇಪ್ಪತ್ತಮೂರು ಮನೆ. ನಾಯಕಿಯ ಬೆನ್ನ ಹಿಂದೆ ಒಂದು ಮನೆ ಕಂಡರೆ ಸಾಕು, "ನಿಲ್ಲಿಸು!" ಎಂದು ಕೂಗಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಬೇಕರಿ ಸಿಕ್ಕಿತು, ಬಲೆ ನೇಯುವವನ ಮನೆ ಸಿಕ್ಕಿತು. ಇಪ್ಪತ್ತೆರಡು ಸಿಕ್ಕಿದ್ದವು. ಸಿಗದೆ ಉಳಿದದ್ದು ಒಂದೇ, ಬೇಕರಿಗೂ ಬಲೆ ನೇಯುವವನ ಮನೆಗೂ ನಡುವಿನದು, ಅವರದು.

ನಾಯಕಿ ಅಳುವುದು ಸರಿಯಾಗಿ ಅದರ ಮುಂದೆಯೇ. ಪ್ರತಿ ವಾರ ಅದೇ ಜಾಗ, ದೊಡ್ಡದೊಂದು ಬಿಳಿ ಕೊಡೆ ಬಿಚ್ಚಿಕೊಂಡು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಅಳುವುದಕ್ಕೆ ಕೊಡೆ ಏಕೆಂದು ನಾನು ಕೇಳಿದರೆ ಅಮ್ಮನಿಗೆ ಸಿಟ್ಟು.

"ಪಕ್ಕಕ್ಕೆ ಹೋಗಿ ಅಳಮ್ಮ!" ಎಂದು ಅಂಕಲ್ ಟಿವಿಗೆ ಗದರುವರು.

"ಪಾಪ, ಆ ಹುಡುಗಿಯ ಬದುಕೇ ಹಾಳಾಗಿದೆ, ಇವರಿಗೆ ಗೋಡೆಯದ್ದೇ ಚಿಂತೆ ಮಾರಾಯ್ತಿ!" ಎಂದು ಅಮ್ಮ. ಇದನ್ನು ನಾನು ಅನುವಾದಿಸಲಿಲ್ಲ.

"ಗೂಗಲ್‌ನಲ್ಲಿ ನೋಡೋಣ್ವಾ ಅಂಕಲ್? ಒಂದು ನಿಮಿಷದ ಕೆಲಸ," ಎಂದೆ ಒಮ್ಮೆ.

"ಬೇಡ," ಎಂದರು ತಟ್ಟನೆ. "ಮನೆ ಹಾಗೇ ಇದೆ ಅಂತ ಊರಿನಿಂದ ನನ್ನ ಅಣ್ಣ ಫೋನಿನಲ್ಲಿ ಹೇಳಿದ್ದಾನೆ. ಅಷ್ಟು ಸಾಕು."

ಅಷ್ಟು ಸಾಕಾದವರು ಹನ್ನೊಂದು ವಾರದಿಂದ ನನ್ನ ಭಾನುವಾರಗಳನ್ನು ಏಕೆ ತಿನ್ನುತ್ತಿದ್ದಾರೆಂದು ನಾನು ಕೇಳಲಿಲ್ಲ.

ಕೊನೆಯ ಕಂತಿಗೆ ಅಂಕಲ್ ಕೋಟು ಹಾಕಿಕೊಂಡು ಬಂದರು. ಅಮ್ಮ ನೀರುದೋಸೆ ಮಾಡಿದ್ದಳು. ಎರಡು ಗಂಟೆಯ ನೋಟಗಳು ಮುಗಿದು ಕಡೆಗೂ ನಾಯಕ ಹೊರಡಲಿದ್ದ ಹಡಗು ಕೂಗಿತು. ನಾಯಕಿ ಕೊಡೆಯನ್ನು ಬಿಸಾಡಿ ಅವನ ಕಡೆಗೆ ಓಡಿದಳು.

"ನಿಲ್ಲಿಸು!"

ನಿಲ್ಲಿಸಿದೆ. ಬೇಕರಿಗೂ ಬಲೆ ನೇಯುವವನ ಮನೆಗೂ ನಡುವೆ ಐದು ಮಹಡಿಯ ಹೋಟೆಲು ನಿಂತಿತ್ತು. ಗಾಜಿನ ಬಾಲ್ಕನಿ, ಮಹಡಿಗೆ ನಾಲ್ಕು ಎಸಿ ಪೆಟ್ಟಿಗೆ. ಕ್ಯಾಮೆರಾದವನು ಎರಡೇ ಎರಡು ಕ್ಷಣ ಮೈಮರೆತಿದ್ದ. ಎಪ್ಪತ್ತು ವರ್ಷ ಹಿಂದಿನ ಕಥೆಗೆ ಬಿಳಿ ಕೊಡೆ ಏಕೆ ಬೇಕಾಗಿತ್ತೆಂದು ನನಗೆ ಆಗ ಅರ್ಥವಾಯಿತು. ನಾಲಿಗೆ ತುದಿಗೆ ಬಂದ ಕುಹಕವನ್ನು ನುಂಗಿಕೊಂಡೆ. ಅಷ್ಟು ವಾರ ಆ ಕೊಡೆಯನ್ನು ಗೇಲಿ ಮಾಡಿದ್ದಕ್ಕೆ ನನಗೆ ನಾಚಿಕೆಯಾಗಿತ್ತು.

"ಎಂಥ ಆಯ್ತು? ಹಡಗು ಸಿಕ್ತಾ ಅವ್ಳಿಗೆ?" ಎಂದ ಅಮ್ಮ ಅಂಕಲ್ ಮುಖ ನೋಡಿದಳು, ಆಮೇಲೆ ನಕ್ಷೆ ನೋಡಿದಳು. ಚಹಾದ ಲೋಟವನ್ನು ಅವರ ಕೈಗೆ ಹತ್ತಿರ ಸರಿಸಿದಳು.

ಅಂಕಲ್, "ಮಗಳೇ, ಸ್ವಲ್ಪ ಹಿಂದಕ್ಕೆ ಹಾಕು," ಎಂದರು.

"ಎಲ್ಲಿಗೆ ಅಂಕಲ್?"

"ಅವಳು ಅಡ್ಡ ನಿಂತಿದ್ದಲ್ಲಿಗೆ."

ಹಾಕಿದೆ. ನಾಯಕಿ ಹಿಮ್ಮುಖವಾಗಿ ಓಡಿಬಂದು, ಬಿದ್ದ ಕೊಡೆಯನ್ನು ಎತ್ತಿಕೊಂಡು, ತನ್ನ ಜಾಗದಲ್ಲಿ ನಿಂತು ಅಳತೊಡಗಿದಳು.

"ಅಲ್ಲೇ ಇರಲಿ," ಎಂದರು ಅಂಕಲ್. ಕೆಂಪು ಪೆನ್ನಿನ ಮುಚ್ಚಳ ತೆಗೆದು ಇಪ್ಪತ್ತಮೂರನೆಯ ಮನೆಗೆ ಗುರುತು ಹಾಕಿದರು.