ನೋವು ಇಳಿದ ಮೇಲೆ

ತಣ್ಣಗಿದೆ, ಇನ್ನೂ ತಣ್ಣಗಿದೆ, ನನ್ನ ಅಂಗೈ ಬೆವರುತ್ತಿದೆ, ಕಾಲಿನ ಈ ಪುಟ್ಟ ಹೆಬ್ಬೆರಳು ಮಾತ್ರ ಮಣ್ಣಿನ ಹರವಿಯ ನೀರಿನಲ್ಲಿ ಅದ್ದಿ ತೆಗೆದ ಹಾಗೆ — ಜಿನಮತಿ, ಎಂಟು ವರ್ಷ, ಗುಂಜಿಯ ಭೀಮಗೊಂಡನ ಮಗಳು, ಬೆಳಿಗ್ಗೆ ಹಳೆ ಹೆಂಚಿನ ರಾಶಿಯಲ್ಲಿ ಕಾಲಿಟ್ಟಳಂತೆ, ಕೆಂಪು ಚೇಳು, ಸಣ್ಣದು, ಸಣ್ಣದೇ ಕೆಟ್ಟದ್ದು — ಗಡಿಯಾರದಲ್ಲಿ ಹನ್ನೆರಡೂವರೆ, ಅರ್ಧ ಗುಳಿಗೆ ಅರೆದು ಕುಡಿಸಿ ಇಪ್ಪತ್ತು ನಿಮಿಷ, ಬೆರಳು ಬಿಡಬೇಡ ಶಿವಲಿಂಗವ್ವಾ, ಹಿಡಿದುಕೋ, ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಡಾಕ್ಟರು ಬೆಳಗಾವಿಗೆ ಮೀಟಿಂಗಿಗೆ ಹೋಗಿದ್ದಾರೆ, ಕಪಾಟಿನ ಕೀಲಿ ಕೊಡುವಾಗ ನಗೆ ಬೇರೆ, ಸಿಸ್ಟರ್, ನಿಮ್ಮ ಕೈಯಾಗ ದವಾಖಾನಿ ಕೊಟ್ಟರ ಚೇಳಿಗೆ ಪಾರುಪತ್ಯ ಕೊಟ್ಟಂಗ ನೋಡ್ರಿ — ಗುಳಿಗೆಯ ಮಾತು ಬಂದಾಗ ನಗಲಿಲ್ಲ, ಇದು ಬಿಪಿ ಗುಳಿಗಿ, ಘಟ್ಟದ ಕೆಳಗ ಕೊಂಕಣದಾಗ ಚೇಳ ಕಡದವರು ಇದರಿಂದ ಉಳಿಯಾಕತ್ತಾರ, ನಾ ಇಲ್ಲದಾಗ ಬಂದರ ಕಾಯಬ್ಯಾಡ್ರಿ, ಕೊಡ್ರಿ, ಮಲಗಿಸೇ ಇಡ್ರಿ, ತಲಿ ಎತ್ತಿದರ ಬಿಪಿ ಬಿದ್ದು ಜೀವ ಹೋಗ್ತದ — ಬಾಟಲಿಯಲ್ಲಿಟ್ಟ ಸತ್ತ ಚೇಳನ್ನು ಬೆಳಕಿಗೆ ಹಿಡಿದು, ಈ ಕೊಂಡಿಯಾಗಿನ ವಿಷದಿಂದನ ಒಂದಿನ ಔಷಧ ತಗೀತಾರ, ನೋಡ್ತಿರ್ರಿ, ಅಂದರು, ಆ ಒಂದಿನ ಯಾವಾಗ ಬರುತ್ತದೋ, ಇವತ್ತು ಈ ಹುಡುಗಿಗೆ ನಾನು ಮತ್ತು ಅರ್ಧ ಗುಳಿಗೆ.

ನನ್ನ ಅಪ್ಪ ಬಾಗಿಲಲ್ಲೇ ನಿಂತಿದ್ದಾನೆ, ಒಳಗೆ ಬರುತ್ತಿಲ್ಲ, ಮಂತ್ರ ಹಾಕಿ ಚೇಳಿನ ವಿಷ ಇಳಿಸುವ ಈರಯ್ಯ, ಹತ್ತೂರಿಗೆ ಹೆಸರಾದವನು, ಇಳಿಸಿದ ಕಡೆ ಗುಟುಕು ನೀರೂ ಮುಟ್ಟುವುದಿಲ್ಲ, ಕುಡಿದರೆ ಮಂತ್ರ ಹೋಗುತ್ತದಂತೆ — ಬಾಳಯ್ಯನಿಗೂ ಅವನೇ ಇಳಿಸಿದ, ನನ್ನ ತಮ್ಮನಿಗೆ, ಎಪ್ಪತ್ತೊಂದನೇ ಇಸವಿಯಲ್ಲಿ, ಬೇವಿನ ತೊಪ್ಪಲನ್ನು ತೊಡೆಯಿಂದ ಕೆಳಕ್ಕೆ ಎಳೆಯುತ್ತ, ಎಲ್ಲಿಗೆ ಬಂತಪಾ, ಮೊಣಕಾಲಿಗೆ ಬಂತು ಯಪ್ಪಾ, ಈಗ, ಹಿಂಬಡಕ್ಕ, ಈಗ, ಏನೂ ಇಲ್ಲ ಯಪ್ಪಾ, ಏನೂ ಇಲ್ಲ — ಓಣಿಯ ಜನ ಕೈಮುಗಿದರು, ಅವ್ವ ಸಕ್ಕರೆ ಹಂಚಿದಳು, ಆ ಸಕ್ಕರೆ ಇನ್ನೂ ನನ್ನ ಬಾಯಲ್ಲೇ ಇದೆ, ಹಾಳು ಸಕ್ಕರೆ, ಮಧ್ಯಾಹ್ನಕ್ಕೆ ಬಾಳಯ್ಯ ಬೆವರಲ್ಲಿ ತೊಯ್ದಿದ್ದ, ತುಟಿಯಲ್ಲಿ ಕೆಂಪು ನೊರೆ, ಅವನ ಕಾಲಿನ ಹೆಬ್ಬೆರಳು ನನ್ನ ಮುಷ್ಟಿಯಲ್ಲಿ, ಹರವಿಯ ನೀರಿನಷ್ಟು ತಣ್ಣಗೆ. ನೋವು ಹೋಗಿರಲಿಲ್ಲ, ವಿಷ ಒಳಗೆ ಹೋಗಿತ್ತು, ಎದೆಗೆ ಹೋಗಿತ್ತು, ನರ್ಸ್ ಆದ ಮೇಲೆ ತಿಳಿದುಕೊಂಡೆ, ತಿಳಿದ ದಿನವೇ ಊರಿಗೆ ಹೋಗಿ ಅಪ್ಪನ ಮುಖಕ್ಕೆ ಹೇಳಿದೆ, ನೋವು ಇಳೀತು ಅಂತ ಮನ್ಯಾಗ ಇಟಗೊಂಡಿ, ನೀನ ಕೊಂದಿ, ಅಂದಿನಿಂದ ನಮ್ಮಿಬ್ಬರ ನಡುವೆ ಬಾಳಯ್ಯನ ಹೆಸರಿಲ್ಲ. ಇವತ್ತು ಭೀಮಗೊಂಡ ಹುಡುಗಿಯನ್ನು ಮೊದಲು ನನ್ನ ಅಪ್ಪನ ಹತ್ತಿರವೇ ಒಯ್ದ, ಅದೇ ತೊಪ್ಪಲು, ಎಲ್ಲಿಗೆ ಬಂತವ್ವಾ, ಏನೂ ಇಲ್ಲ ಮುತ್ಯಾ, ಜನ ಕೈಮುಗಿಯುವಷ್ಟರಲ್ಲಿ ಅಪ್ಪ ತೊಪ್ಪಲು ಬಿಸಾಕಿ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡನಂತೆ, ಕಟ್ಟಿಗೆಯ ಲಾರಿಗೆ ಅಡ್ಡ ನಿಂತು ಖಾನಾಪುರಕ್ಕೆ ತಂದ, ನನ್ನ ಮುಂದೆ ಮಲಗಿಸಿ ಏದುಸಿರಿನಲ್ಲಿ, ನೋವು ಇಳೀತವ್ವಾ, ಅದಕ್ಕ ತಂದೇನಿ. ಬಾಳಯ್ಯ ಸತ್ತ ಹದಿನಾಲ್ಕು ವರ್ಷದ ಮೇಲೆ, ಅಷ್ಟೇ ಮಾತು. ನನಗೆ ಅಳು ಬಂತು, ಅಳಲು ಪುರುಸೊತ್ತಿರಲಿಲ್ಲ.

ಮೂರು ಗಂಟೆ, ಇನ್ನರ್ಧ ಗುಳಿಗೆ, ಎದೆಯಲ್ಲಿ ಗೊರಗೊರ, ಹುಡುಗಿಯ ಅಜ್ಜಿ ಸುಂದರಾಬಾಯಿಗೆ ತಡೆಯಲಾಗಲಿಲ್ಲ, ಎಬ್ಬಿಸಿ ಕುಂದರಸ್ರಿ, ನಿದ್ದಿ ಹತ್ತಿದರ ವಿಷ ಏರತೈತಿ, ತಲೆಯ ಕೆಳಗೆ ಕೈ ಹಾಕಿಯೇಬಿಟ್ಟಳು — ಬಾಗಿಲಿನಿಂದ ಅಪ್ಪನ ಗುಡುಗು, ಕೈ ತಗೀರಿ ಬಾಯಾರ, ನನ್ನ ಮಗಳು ಎತ್ತಬ್ಯಾಡ ಅಂದಾಳ, ನನ್ನ ಮಗಳು ಅಂದ, ಈರಯ್ಯನೇ ಹೇಳಿದ ಮೇಲೆ ಮುಗಿಯಿತು, ಮುದುಕಿಯ ಕೈ ಹಿಂದೆ ಬಂತು. ನಾಲ್ಕೂವರೆ, ರೈಲಿನ ಕೂಗು, ಹಣೆಯ ಬೆವರು ಆರಿದೆಯೇ, ಆರಿದೆ, ಗೊರಗೊರ ಕಡಿಮೆ, ಬೆರಳು — ಅರೆ, ಇದು ನನ್ನ ಬಿಸಿಯೋ ಅವಳದೋ, ಕೈ ಬಿಟ್ಟೆ, ಸೀರೆಗೆ ಒರೆಸಿಕೊಂಡೆ, ಹತ್ತು ಎಣಿಸಿ ಮತ್ತೆ ಹಿಡಿದೆ, ಅಷ್ಟರಲ್ಲಿ ಬೆರಳು ನನ್ನ ಮುಷ್ಟಿಯಿಂದ ಜಗ್ಗಿಕೊಂಡಿತು, ಯವ್ವಾ ಉರೀತೈತಿ, ಬೆರಳ ಉರೀತೈತಿ, ದವಾಖಾನೆ ಹಾರಿಹೋಗುವಂಥ ಚೀರು, ಮತ್ತ ಏರಿತಲ್ಲೋ ದೇವರ ಎಂದು ಮುದುಕಿ ಹಣೆ ಬಡಿದುಕೊಂಡಳು, ನಾನು ನಗುತ್ತಿದ್ದೇನೆ, ಹುಚ್ಚಿಯ ಹಾಗೆ ನಗುತ್ತಿದ್ದೇನೆ, ಬೆರಳು ಬೆಚ್ಚಗಾಗಿ ನೋವು ತಿರುಗಿ ಬಂದರ ಗೆದ್ದಂಗ ಅಂತ ಡಾಕ್ಟರು ಹೇಳಿದ್ದರು, ಗೆದ್ದೆ, ಗೆದ್ದೆವು, ಚೀರು ತಂಗೀ, ಗುಂಜಿಗೆ ಕೇಳಿಸಲಿ — ಎಲ್ಲಿಗೆ ಬಂತವ್ವಾ, ಅಪ್ಪ, ಹೊಸಿಲು ದಾಟಿದ್ದಾನೆ, ಬೆರಳಿಗೆ ಬಂತು ಮುತ್ಯಾ, ಬೆರಳಿಗೆ. ಅಪ್ಪ ಸ್ಟೂಲಿನ ಮೇಲೆ ಕುಸಿದು ಕೂತ, ಶಿವಲಿಂಗವ್ವಾ, ಒಂದ ತಂಬಗಿ ನೀರ ಕೊಡ, ಯಪ್ಪಾ, ಮಂತ್ರ ಹೋಗ್ತದಲ್ಲ, ಅಂದೆ, ಹೋಗಲಿ, ಅಂದ, ಅವತ್ತ ಬಾಳಯ್ಯನ್ನ ಹೀಂಗ ತರಬೇಕಾಗಿತ್ತವ್ವಾ — ಹೆಸರು ಹಿಡಿದ, ಹೆಸರು ಹಿಡಿದು ಗಟಗಟ ಕುಡಿಯುತ್ತಿದ್ದಾನೆ, ನೀರು ಗಡ್ಡದಿಂದ ಇಳಿಯುತ್ತಿದೆ, ನನ್ನ ಇನ್ನೊಂದು ಕೈಯಲ್ಲಿ ಬೆರಳು, ಬೆಚ್ಚಗೆ, ಒದೆಯುತ್ತಿದೆ, ಬೆಚ್ಚಗಿದೆ ಬಾಳಯ್ಯಾ, ಬೆರಳು ಬೆಚ್ಚಗಿದೆ, ಬೆರಳು —