ಲಂಗರಿನ ಅಂಕಿಗಳು

ಫೆಬ್ರವರಿ ತಿಂಗಳಲ್ಲಿ ಎವರಿಸ್ತೊ ಚುಂಗಾನ ಅಂಗಡಿಗೆ ಬರುವವರಲ್ಲಿ ಅರ್ಧ ಜನ ಆಟವಾಡಲು ಬರುವುದಿಲ್ಲ, ಅಹವಾಲು ಹೇಳಿಕೊಳ್ಳಲು ಬರುತ್ತಾರೆ.

"ನನ್ನ ವೇಗ ಅರವತ್ತೆರಡು ಅಂತ ಹಾಕಿದ್ದೀಯಲ್ಲ ಮಾರಾಯ, ಹೋದ ಭಾನುವಾರ ನಾನು ಓಡಿದ್ದು ನೀನು ನೋಡ್ಲಿಲ್ವಾ?"

"ನೋಡ್ದೆ. ಅದಕ್ಕೇ ಅರವತ್ತೆರಡು. ನಾಯಿ ಅಟ್ಟಿಸ್ಕೊಂಡು ಬಂದಾಗ ಓಡಿದ್ದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ."

ಎವರಿಸ್ತೊನ ನಿಜವಾದ ಕಸುಬು ದೋಣಿಗಳ ರೇಡಿಯೋ ಮತ್ತು ಮೀನು ಪತ್ತೆ ಮಾಡುವ ಯಂತ್ರಗಳ ರಿಪೇರಿ. ಚಿಂಬೋತೆಯ ಬಂದರಿಗೆ ಅಂಟಿಕೊಂಡಿರುವ ನಮ್ಮ ಕೇರಿಯಲ್ಲಿ ಆ ಕೆಲಸಕ್ಕೆ ಬರವಿಲ್ಲ. ಆದರೆ ಅವನ ಮುಂದಿನ ಕೋಣೆಯಲ್ಲಿ ಬೆನ್ನು ಉಬ್ಬಿದ ಎರಡು ಟಿ.ವಿ.ಗಳಿವೆ, ಅವುಗಳ ಕೆಳಗೆ ಎರಡು ಹಳೆಯ ಗೇಮ್ ಪೆಟ್ಟಿಗೆಗಳಿವೆ, ಎರಡರಲ್ಲೂ ಹತ್ತೊಂಬತ್ತು ವರ್ಷ ಹಳೆಯ ಒಂದೇ ಫುಟ್‌ಬಾಲ್ ಆಟವಿದೆ. ಆಟ ಹುಟ್ಟಿದಾಗ ಅದರಲ್ಲಿ ಯುರೋಪಿನ ದೊಡ್ಡ ದೊಡ್ಡ ತಂಡಗಳಿದ್ದವು. ಎವರಿಸ್ತೊ ಅವರನ್ನೆಲ್ಲ ಒಬ್ಬೊಬ್ಬರಾಗಿ ಅಳಿಸಿ ನಮ್ಮ ಭಾನುವಾರದ ಲೀಗಿನ ಎಂಟು ತಂಡಗಳನ್ನು ಕೂರಿಸಿದ್ದಾನೆ. ಬಲೆ ಹೆಣೆಯುವವರು, ಐಸ್ ಹೊರುವವರು, ಮೀನುಪುಡಿ ಕಾರ್ಖಾನೆಯ ಪಾಳಿಯವರು, ಎಲ್ಲರೂ ಅದರೊಳಗಿದ್ದಾರೆ.

ನೋಡಲು ಏನೂ ಚೆನ್ನಾಗಿಲ್ಲ. ಇರುವುದು ಆರು ಮುಖ, ಹದಿನಾಲ್ಕು ಬಗೆಯ ತಲೆಗೂದಲು. ನೂರಾ ಎಪ್ಪತ್ತಾರು ಮಂದಿ ಅವನ್ನೇ ಹಂಚಿಕೊಂಡು ಬದುಕಬೇಕು. ಎಲ್ಲರೂ ಬಟ್ಟೆ ಸೋಪಿನಲ್ಲಿ ಕೆತ್ತಿದ ಹಾಗೆ ಕಾಣುತ್ತಾರೆ. ಪ್ರೇಕ್ಷಕರು ರಟ್ಟು. ಮಳೆ ಬಂದರೆ ಬಿಳಿ ಗೀರುಗಳು ಬೀಳುತ್ತವೆ. ಚಿಂಬೋತೆಯಲ್ಲಿ ಮಳೆಯೇ ಬರುವುದಿಲ್ಲವಾದ್ದರಿಂದ ಅದರ ಬಗ್ಗೆ ಯಾರೂ ತಕರಾರು ತೆಗೆದಿಲ್ಲ. ಆದರೆ ಒಬ್ಬೊಬ್ಬ ಆಟಗಾರನ ಹಿಂದೆಯೂ ಮೂವತ್ತು ಅಂಕಿಗಳಿವೆ. ವೇಗ, ದಮ್ಮು, ಎಡಗಾಲು, ಬಲಗಾಲು, ಸಮತೋಲ, ಹೀಗೆ. ಎವರಿಸ್ತೊ ಪ್ರತಿ ಭಾನುವಾರ ಮೈದಾನದ ಅಂಚಿನಲ್ಲಿ ಕೂತು ಗಮನಿಸಿ ಆ ಅಂಕಿಗಳನ್ನು ತಿದ್ದುತ್ತಾನೆ. ಹಾಗಾಗಿ ಬಟನ್ ಒತ್ತಿದವನಿಗೆ ತನ್ನ ಬೆರಳ ತುದಿಯಲ್ಲಿರುವುದು ಯಾರು ಎಂದು ಹೆಸರು ನೋಡದೆಯೇ ತಿಳಿಯುತ್ತದೆ.

ನಾನು ಲೀಗಿನ ಕಾರ್ಯದರ್ಶಿ. ಶಾಲೆಯಿಂದ ನಿವೃತ್ತನಾದ ಮೇಲೂ ಜನ ಮೇಷ್ಟ್ರೇ ಎನ್ನುತ್ತಾರೆ. ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಆಟಗಾರರ ಪಟ್ಟಿ ಬರೆದು ಎವರಿಸ್ತೊನಿಗೆ ಕೊಡುವುದು ನನ್ನ ಕೆಲಸ. ತಂಡಕ್ಕೆ ಇಪ್ಪತ್ತೆರಡೇ ಜಾಗ. ಮೈದಾನ ಬಿಟ್ಟವರ ಹೆಸರು ಆಟದಿಂದಲೂ ತೆಗೆಯಬೇಕು ಎಂದು ಹದಿನೈದು ವರ್ಷದ ಹಿಂದೆ ಎಂಟು ನಾಯಕರೂ ಸಹಿ ಹಾಕಿದ ನಿಯಮವಿದೆ.

ಆ ನಿಯಮ ಬಾಲ್ತಸಾರ್ ಪೆರಿಚೆಯ ಬುಡಕ್ಕೆ ಬಂದದ್ದು ಹೋದ ಸೆಪ್ಟೆಂಬರಿನಲ್ಲಿ.

ಬಾಲ್ತಸಾರ್ ಎಸ್ತ್ರೆಯಾ ದೆಲ್ ಮಾರ್ ತಂಡದ ಒಂಬತ್ತನೇ ನಂಬರು. ಇಪ್ಪತ್ತಾರು ವರ್ಷ ಆಡಿದ. ಊರವರು ಅವನನ್ನು ಕರೆಯುವುದು ಲಂಗರು ಎಂದು, ಏಕೆಂದರೆ ಒಮ್ಮೆ ನಿಂತನೆಂದರೆ ಕದಲುವುದಿಲ್ಲ. ಎದುರಾಳಿಗಳ ಗೋಲಿನ ಹತ್ತಿರ ಸೊಂಟದ ಮೇಲೆ ಕೈಯಿಟ್ಟು ಬಸ್ಸಿಗೆ ಕಾಯುವವನಂತೆ ನಿಂತಿರುತ್ತಿದ್ದ. ಚೆಂಡು ಬಂದರೆ ಅದರ ಮೇಲೆ ಕಾಲಿಡುತ್ತಿದ್ದ. ಒಂದು ಉಸಿರಿನಷ್ಟು ಹೊತ್ತು ಏನೂ ಮಾಡುತ್ತಿರಲಿಲ್ಲ. ಅಡ್ಡಗಟ್ಟಲು ನುಗ್ಗಿದವರು ಜಾರಿಕೊಂಡು ಅವನನ್ನು ದಾಟಿ ಹೋಗುತ್ತಿದ್ದರು. ಆಮೇಲೆ ಎಡಗಾಲಿನ ತುದಿಯಿಂದ, ಮನೆಯ ಬೆಕ್ಕನ್ನು ಹೊರಗೆ ತಳ್ಳುವಂತೆ, ಚೆಂಡನ್ನು ಒಳಗೆ ತಳ್ಳುತ್ತಿದ್ದ.

ಇದನ್ನು ಅಂಕಿಗಳಲ್ಲಿ ಹಿಡಿಯಲು ಎವರಿಸ್ತೊನಿಗೆ ಮೂರು ವರ್ಷ ಬೇಕಾಯಿತು. ವೇಗ ನಲವತ್ತೊಂದು, ದಮ್ಮು ಮೂವತ್ತೆಂಟು, ಸಮತೋಲ ತೊಂಬತ್ಮೂರು. ದಿನಕ್ಕೊಂದು ಅಂಕಿಯನ್ನು ಎರಡು ಇಳಿಸುವುದು, ಆಡಿ ನೋಡುವುದು, ಒಂದು ಏರಿಸುವುದು. ಕೊನೆಗೂ ಆ ಸೋಪಿನ ಗೊಂಬೆ ಬಾಲ್ತಸಾರ್ ಆಯಿತು. ಹೊಸಬರು ಅದನ್ನು ಆಡಿಸಲು ಹೋಗಿ ಶಪಿಸುತ್ತಾರೆ, ಏಕೆಂದರೆ ಬಟನ್ ಬೇಗ ಒತ್ತಿದರೆ ಅದು ಎಡವುತ್ತದೆ. ಬೆರಳು ತೆಗೆದು ಕಾಯಬೇಕು. ಪಳಗಿದವರು ಆ ಒಂಬತ್ತನೇ ನಂಬರಿಗಾಗಿ ಜಗಳವಾಡುತ್ತಾರೆ.

ಐವತ್ತೆರಡನೇ ವಯಸ್ಸಿನಲ್ಲಿ ಮಂಡಿ ಕೈಕೊಟ್ಟಿತು. ನನ್ನ ಬಳಿ ಬಂದು ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿದ, ಬಾಗಿಲವರೆಗೆ ಹೋದ, ತಿರುಗಿ ನಿಂತ. ಮುಂದೆ ಏನಾಗುತ್ತದೆ ಎಂದು ಅವನಿಗೆ ಹೊಳೆದದ್ದು ಆಗಲೇ. ಅಲ್ಲಿಂದ ನೆಟ್ಟಗೆ ಎವರಿಸ್ತೊನ ಅಂಗಡಿಗೆ ಹೋದ. ನಾನೂ ಹಿಂದೆ ಹೋದೆ.

"ಎವರಿಸ್ತೊ, ಮೈದಾನ ಬಿಟ್ಟೆ, ಸರಿ. ಈ ಪೆಟ್ಟಿಗೇಲಿರೋನಿಗೇನು ಮಂಡಿ ನೋವಾ?"

"ನಿಯಮ ಕಣಯ್ಯಾ. ಅದಕ್ಕೆ ಸಹಿ ಹಾಕಿದ ನಾಯಕರಲ್ಲಿ ನೀನೇ ಮೊದಲನೆಯವನು."

"ಆಗ ನಂಗೆ ಮೂವತ್ತೇಳು. ಮುದುಕರನ್ನ ಓಡಿಸೋಕೆ ಅಂತ ಹಾಕಿದ್ದು."

"ನೋಡು, ಚೆನ್ನಾಗಿ ಕೆಲಸ ಮಾಡ್ತಿದೆ."

"ಸತ್ತೋರದ್ದಾದ್ರೂ ಗೋಡೆ ಮೇಲೆ ಫೋಟೋ ಹಾಕ್ತಾರಪ್ಪಾ."

"ಸಾಯಿ, ಹಾಕ್ತೀನಿ."

ಬಾಲ್ತಸಾರ್ ನಗಲಿಲ್ಲ. ಅವನ ಹೆಸರು ಲೋಕದಲ್ಲಿ ಬೇರೆಲ್ಲೂ ಬರೆದಿರಲಿಲ್ಲ. ಅವನು ದುಡಿಯುವ ದೋಣಿಯ ಮೇಲೆ ಮಾಲೀಕನ ಹೆಂಡತಿಯ ಹೆಸರಿತ್ತು, ಮನೆಯ ಬಾಗಿಲಿನ ಮೇಲೆ ಅತ್ತೆಯ ಹೆಸರಿತ್ತು.

ಅಕ್ಟೋಬರಿನಲ್ಲಿ ಲಿಮಾದಿಂದ ಹಿಂತಿರುಗಿದ ಗ್ಲಾಡಿಸ್ ಎಂಬಾಕೆ ಎದುರು ಸಾಲಿನಲ್ಲೇ ಹೊಸ ಆಟದಂಗಡಿ ತೆರೆದಳು. ಬಾಗಿಲಿನಷ್ಟು ದೊಡ್ಡ, ಚಪಾತಿಯಷ್ಟು ತೆಳ್ಳನೆಯ ಟಿ.ವಿ.ಗಳು. ಅದರಲ್ಲಿ ಆಟಗಾರನ ಕತ್ತಿನ ಮೇಲೆ ಬೆವರು ಹರಿಯುತ್ತಿತ್ತು, ಅಂಗಿ ಗಾಳಿಗೆ ಹಾರುತ್ತಿತ್ತು, ಹುಲ್ಲಿನ ಎಸಳುಗಳನ್ನು ಬೇಕಿದ್ದರೆ ಎಣಿಸಬಹುದಿತ್ತು. ಎಣಿಸಿದವರೂ ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಫೋನಿನಲ್ಲಿ ಫೋಟೋ ಹಿಡಿದು ಕೊಟ್ಟರೆ ನಿಮ್ಮ ಸ್ವಂತ ಮುಖವೇ ಆಟದೊಳಗೆ ಬರುತ್ತಿತ್ತು.

ಬಾಲ್ತಸಾರ್ ಎರಡನೇ ದಿನವೇ ಹೋಗಿ ಮುಖ ಕೊಟ್ಟ. ಗಾಳದ ಕೊಕ್ಕೆ ಸೀಳಿದ ಹುಬ್ಬಿನ ಗಾಯದ ಸಮೇತ ಬಂತು. ಮುಂದಿನ ಹಲ್ಲು ಅವನಿಗೆ ಇರಲಿಲ್ಲ, ಅದನ್ನು ಆಟ ತಾನಾಗಿಯೇ ಹಾಕಿಕೊಟ್ಟಿತ್ತು.

"ನೋಡಿ ಮೇಷ್ಟ್ರೇ, ಇದು ನಾನು! ಎವರಿಸ್ತೊನ ಹತ್ರ ಇರೋದು ಸಾಬೂನು."

ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಹೆಂಡತಿಯನ್ನೂ ಅತ್ತೆಯನ್ನೂ ಅಲ್ಲಿಗೆ ಕರೆತಂದ. ಅತ್ತೆ ದೋನ್ಯಾ ಎಲೋಡಿಯಾಗೆ ಎಂಬತ್ತೊಂದು ವರ್ಷ, ಎರಡೂ ಕಣ್ಣಿಗೆ ಪೊರೆ. ಜನರನ್ನು ಅವರ ನಿಲುವು, ನಡಿಗೆಯಿಂದ ಗುರುತಿಸಿ ಬೈಯುತ್ತಾಳೆ, ಇದುವರೆಗೆ ತಪ್ಪಿದ್ದಿಲ್ಲ. ಗ್ಲಾಡಿಸ್ ಆಕೆಯನ್ನು ಕುರ್ಚಿ ಹಾಕಿ ಮುಂದೆ ಕೂರಿಸಿ ಆಟ ಶುರು ಮಾಡಿದಳು.

"ಅತ್ತೆ, ಇದ್ರಲ್ಲಿ ನಾನೆಲ್ಲಿದ್ದೀನಿ ಹೇಳಿ ನೋಡೋಣ."

ಮುದುಕಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ಎಲ್ಲರೂ ಓಡ್ತಿದಾರಲ್ಲಪ್ಪಾ."

"ಸರಿಯಾಗಿ ನೋಡಿ. ಹುಬ್ಬಿನ ಮೇಲೆ ಗಾಯ…"

"ಗಾಯ ಗೀಯ ನಂಗೆ ಕಾಣಲ್ಲ. ನೀನಿಲ್ಲ ಇದ್ರಲ್ಲಿ. ಎಲ್ಲಿ, ತಿನ್ನೋಕೆ ಹೋಗಿದೀಯಾ?"

ಅಷ್ಟರಲ್ಲಿ ಪರದೆಯ ಮೇಲೆ ಬಾಲ್ತಸಾರನ ಮುಖ ಹೊತ್ತ ಆಸಾಮಿ ಗಾಳಿಯಲ್ಲಿ ಪಲ್ಟಿ ಹೊಡೆದು ಗೋಲು ಹಾಕಿ, ಅಂಗಿಗೆ ಮುತ್ತಿಟ್ಟು, ಮೈದಾನದ ತುದಿಯವರೆಗೆ ಓಡಿ ಮಂಡಿಯ ಮೇಲೆ ಜಾರಿದ. ಅವನ ಹೆಂಡತಿ ಬಿದ್ದು ಬಿದ್ದು ನಕ್ಕಳು.

"ಇಷ್ಟು ವರ್ಷದಲ್ಲಿ ಒಂದು ಸಲ ಹಿಂಗೆ ಎದ್ದು ಗ್ಯಾಸ್ ಸಿಲಿಂಡರ್ ತಂದಿದ್ರೆ ಸಾಕಿತ್ತು ಕಣ್ರೀ."

ವಾಪಸು ಬರುವಾಗ ದೋನ್ಯಾ ಎಲೋಡಿಯಾಗೆ ಕಾಲು ನೋವು ಶುರುವಾಯಿತು. ಹತ್ತಿರವಿದ್ದದ್ದು ಎವರಿಸ್ತೊನ ಬೆಂಚು. ಒಳಗೆ ಇಬ್ಬರು ಆಡುತ್ತಿದ್ದರು, ಎವರಿಸ್ತೊ ಮೂಲೆಯಲ್ಲಿ ಕೂತು ಯಾವುದೋ ದೋಣಿಯ ರೇಡಿಯೋಗೆ ಬೆಸುಗೆ ಹಾಕುತ್ತಿದ್ದ. ಯಾರೋ ತಂದುಕೊಟ್ಟ ಮೀನಿನ ಸಾರನ್ನು ಲೋಟದಿಂದ ಹೀರುತ್ತಾ ಮುದುಕಿ ಟಿ.ವಿ. ಕಡೆ ಒಮ್ಮೆ ಕತ್ತು ಹೊರಳಿಸಿದಳು. ಅಷ್ಟು ದೂರದಿಂದ ಆಕೆಗೆ ಕಂಡಿರಬಹುದಾದದ್ದು ಹಸಿರು ಮತ್ತು ಅದರ ಮೇಲೆ ಕೆಲವು ಚುಕ್ಕೆ.

"ಅಗೋ, ಆ ಮೂಲೇಲಿ ನಿಂತಿದಾನಲ್ಲ ಸೋಮಾರಿ," ಎಂದಳು, "ನನ್ನ ಅಳಿಯ."

ಎವರಿಸ್ತೊ ತಲೆಯೆತ್ತಲಿಲ್ಲ. ಬೆಸುಗೆ ಕಡ್ಡಿಯನ್ನು ಮಾತ್ರ ಕೆಳಗಿಟ್ಟ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎತ್ತಿಕೊಂಡ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅತ್ತೆ ಬಾಲ್ತಸಾರನನ್ನು ಕಂಡು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲಿರಬೇಕು.

ಆದರೂ ಬಾಲ್ತಸಾರ್ ಗ್ಲಾಡಿಸಳ ಅಂಗಡಿ ಬಿಡಲಿಲ್ಲ. ಎವರಿಸ್ತೊನ ಹತ್ತಿರ ಉಳಿದಿದ್ದದ್ದು ಫೆಬ್ರವರಿವರೆಗಿನ ಆಯುಷ್ಯ. ಗ್ಲಾಡಿಸಳ ಹತ್ತಿರ ಹಾಗಲ್ಲ ಎಂದುಕೊಂಡಿದ್ದ. ಜನವರಿಯಲ್ಲಿ ಒಂದು ದಿನ ಹೋದರೆ ಪರದೆಯ ಮೇಲೆ ಅವನು ಇರಲಿಲ್ಲ.

"ಹೊಸ ವರ್ಷದ ಆಟ ಬಂತಲ್ಲ ಅಣ್ಣಾ," ಎಂದಳು ಗ್ಲಾಡಿಸ್. "ಹಳೇದನ್ನ ಈಗ ಯಾರೂ ಕೇಳಲ್ಲ, ತೆಗೆದುಬಿಟ್ಟೆ. ಬನ್ನಿ, ಇನ್ನೊಂದು ಫೋಟೋ ಹಿಡಿಯೋಣ. ಈ ಸಲ ಕಣ್ರೆಪ್ಪೆ ಕೂದಲೂ ಬಿಡಿಬಿಡಿಯಾಗಿ ಬರುತ್ತೆ."

"ಪ್ರತಿ ವರ್ಷ ಹಿಡಿಬೇಕಾ?"

"ಪ್ರತಿ ವರ್ಷ."

"ಹಂಗಾದ್ರೆ ನನ್ನ ಪಾಸ್‌ಪೋರ್ಟೇ ವಾಸಿ. ಅದಕ್ಕೆ ಐದು ವರ್ಷ ಆಯಸ್ಸು."

"ಎಲ್ಲಿಗೆ ಹೋಗಿದ್ರಿ ಅದ್ರಲ್ಲಿ?"

"ಎಲ್ಲೂ ಇಲ್ಲ," ಎಂದು ಹೇಳಿ ಬಾಲ್ತಸಾರ್ ಹೊರಗೆ ಬಂದ. ಗ್ಲಾಡಿಸ್ ಕೆಟ್ಟವಳಲ್ಲ. ತನ್ನ ವ್ಯಾಪಾರದ ವೇಗ ಅವಳಿಗೆ ಗೊತ್ತು, ಅಷ್ಟೇ.

ಫೆಬ್ರವರಿಯ ಎರಡನೇ ಶನಿವಾರ ನಾನು ಪಟ್ಟಿ ಕೊಟ್ಟೆ. ಎಸ್ತ್ರೆಯಾ ದೆಲ್ ಮಾರ್ ತಂಡದ ಒಂಬತ್ತನೇ ನಂಬರಿನ ಎದುರು ವಿಲ್ದರ್ ಎಚೆ ಎಂದಿತ್ತು. ಹತ್ತೊಂಬತ್ತರ ತರುಣ, ಕೇರಿಯಲ್ಲೇ ಅತಿ ವೇಗದ ಓಟಗಾರ, ಚೆಂಡನ್ನು ಹಿಂದೆ ಬಿಟ್ಟು ಗೋಲಿನೊಳಗೆ ತಾನೊಬ್ಬನೇ ತಲುಪಿದ ದಾಖಲೆ ಅವನ ಹೆಸರಿನಲ್ಲಿದೆ.

ಮಧ್ಯಾಹ್ನ ಊಟವಾದ ಮೇಲೆ ಎವರಿಸ್ತೊ ಕೆಲಸಕ್ಕೆ ಕೂತ. ಬಾಲ್ತಸಾರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ, ತನ್ನ ಸಾವಿಗೆ ತಾನೇ ಬಂದವನ ಹಾಗೆ. ಊರುಗೋಲನ್ನು ಗೋಡೆಗೆ ಒರಗಿಸಿ ಪಕ್ಕದಲ್ಲಿ ಕೂತ.

"ನೋಡ್ಬೇಕಾ?" ಎಂದ ಎವರಿಸ್ತೊ.

"ನೋವಾಗಲ್ಲ ತಾನೇ?"

"ನಂಗೇನೂ ಆಗಲ್ಲ."

ಆ ಹಳೆಯ ಆಟದಲ್ಲಿ ಹೆಸರನ್ನು ಒಂದೇ ಏಟಿಗೆ ಅಳಿಸಲು ಬರುವುದಿಲ್ಲ, ಅಕ್ಷರ ಅಕ್ಷರವಾಗಿ ಹಿಂದಕ್ಕೆ ತಿನ್ನಬೇಕು. ಪೆರಿಚೆ ಕೊನೆಯಿಂದ ಕರಗಿತು. ಖಾಲಿ ಜಾಗ ಸ್ವಲ್ಪ ಹೊತ್ತು ಮಿಣುಕಿತು. ಎವರಿಸ್ತೊ ಎಚೆ ಎಂದು ತುಂಬಿಸಿದ. ಹನ್ನೊಂದನೇ ಬಗೆಯ ತಲೆಗೂದಲು ತೆಗೆದು ನಾಲ್ಕನೆಯದು ಹಾಕಿದ. ಮುಂದಿನ ಪುಟಕ್ಕೆ ಹೋದ. ಮೂವತ್ತು ಅಂಕಿಗಳು ಸಾಲಾಗಿ ನಿಂತಿದ್ದವು. ನಲವತ್ತೊಂದು, ಮೂವತ್ತೆಂಟು, ತೊಂಬತ್ಮೂರು. ಅವನ ಹೆಬ್ಬೆರಳು ಬಟನ್ನಿನ ಮೇಲೆ ಸುಮ್ಮನೆ ಕೂತಿತ್ತು. ಒಂದು ಉಸಿರಿನಷ್ಟು ಹೊತ್ತು ಏನೂ ಮಾಡಲಿಲ್ಲ. ಆಮೇಲೆ ಪುಟ ಮುಚ್ಚಿ, ಉಳಿಸು ಎಂದು ಒತ್ತಿಬಿಟ್ಟ.

"ಅಂಕಿ ಬದಲಾಯಿಸ್ಲಿಲ್ವಲ್ಲ?" ಎಂದೆ.

"ಮೂವತ್ತು ಇವೆ ಮೇಷ್ಟ್ರೇ. ಯಾರಿಗಿದೆ ತಾಳ್ಮೆ? ನಿಮ್ಮ ನಿಯಮದಲ್ಲಿ ಹೆಸರು ತೆಗೀಬೇಕು ಅಂತಿದೆ, ತೆಗೆದಿದೀನಿ."

ಒಂದೇ ಒಂದು ಅಂಕಿಗಾಗಿ ಐಸ್ ಹೊರುವವನೊಬ್ಬನ ಜೊತೆ ಮೂರು ವಾರ ವಾದ ಮಾಡಿದವನು ಈ ಮಾತು ಹೇಳಿದ್ದು. ನಾನು ಪಟ್ಟಿಯ ಪಕ್ಕದಲ್ಲಿ ಸರಿ ಗುರುತು ಹಾಕಿದೆ. ಬಾಲ್ತಸಾರ್ ಮೂಗು ಸೀಟಿ, ಬೇಸಿಗೆಯ ಧೂಳನ್ನು ಬೈದ.

ಮೂರೇ ದಿನಕ್ಕೆ ವಿಲ್ದರ್ ಬಂದ.

"ದೋನ್ ಎವರಿಸ್ತೊ, ನಾನು ಓಡ್ತಾನೇ ಇಲ್ಲ!"

"ಎಲ್ಲಿ?"

"ಇಲ್ಲಿ! ವೇಗ ನಲವತ್ತೊಂದು ಅಂತೆ! ನಮ್ಮಜ್ಜಿ ಕೋಳಿ ಹಿಡಿಯೋಕೆ ಇದಕ್ಕಿಂತ ಜೋರಾಗಿ ಓಡ್ತಾಳೆ!"

"ನಿಮ್ಮಜ್ಜಿ ಹೆಸರು ಪಟ್ಟೀಲಿ ಬಂದ್ರೆ ಯೋಚ್ನೆ ಮಾಡ್ತೀನಿ."

"ಒತ್ತಿದ್ರೆ ಎಡವುತ್ತೆ, ಒದೆಯಲ್ಲ. ಕೆಟ್ಟೋಗಿದೆ ಇದು."

ಮೂಲೆಯ ಬೆಂಚಿನಿಂದ ಬಾಲ್ತಸಾರ್ ಮಾತಾಡಿದ. "ಒತ್ತಬೇಡ್ವೋ. ಬೆರಳು ತೆಗಿ."

"ತೆಗೆದು?"

"ತೆಗೆದು ನಿಲ್ಲು. ಬರ್ಲಿ ಅವ್ನು. ಬರ್ಲಿ… ಜಾರಿದ್ನಾ? ಈಗ, ಎಡಗಾಲು."

ಗೋಲು. ವಿಲ್ದರ್ ಪರದೆ ನೋಡಿದ, ಬಾಲ್ತಸಾರನನ್ನು ನೋಡಿದ, ಕುರ್ಚಿ ಎಳೆದುಕೊಂಡು ಕೂತ. ಆ ಬೇಸಿಗೆಯಿಡೀ ಅವನು ಅಲ್ಲಿಂದ ಎದ್ದದ್ದು ಕಡಿಮೆ. ಎದುರಿನ ಅಂಗಡಿಯಲ್ಲಿ ಹೊಸ ಆಟದ ಹುಲ್ಲು ಎಣಿಸಿ ಮುಗಿಸಿದವರೂ ಒಬ್ಬೊಬ್ಬರಾಗಿ ಬಂದು ಹಿಂದೆ ನಿಲ್ಲುತ್ತಿದ್ದರು.

ಜುಲೈ ತಿಂಗಳ ಒಂದು ಭಾನುವಾರ ಎಸ್ತ್ರೆಯಾ ದೆಲ್ ಮಾರ್ ಸೋಲುವುದರಲ್ಲಿತ್ತು. ಅರವತ್ಮೂರನೇ ನಿಮಿಷದಲ್ಲಿ ಚೆಂಡು ಗೋಲಿನ ಹತ್ತಿರ ವಿಲ್ದರನ ಕಾಲಿಗೆ ಸಿಕ್ಕಿತು. ಎಂದಿನಂತೆ ಕಣ್ಣು ಮುಚ್ಚಿ ಓಡುತ್ತಾನೆ ಎಂದು ಎಲ್ಲರೂ ಅಂದುಕೊಂಡೆವು. ಅವನು ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟ.

"ಓಡೋ ಲಂಗರು!" ಎಂದು ಜನರ ನಡುವಿನಿಂದ ಯಾರೋ ಹಳೆಯ ಅಭ್ಯಾಸದಲ್ಲಿ ಕೂಗಿದರು. ಕೂಗಿದವರಿಗೇ ಆಮೇಲೆ ಗಲಿಬಿಲಿಯಾಯಿತು.

"ಓಡ್ಬೇಡ!" ಗೆರೆಯ ಪಕ್ಕದಲ್ಲಿ ಬಾಲ್ತಸಾರ್ ಕೋಲೆತ್ತಿ ಅರಚುತ್ತಿದ್ದ. "ಓಡ್ಬೇಡ್ವೋ! ನಿಲ್ಲು!"

ಅಡ್ಡ ಬಂದವನು ಮರಳಿನ ಮೇಲೆ ಜಾರಿಕೊಂಡು ದಾಟಿ ಹೋದ. ವಿಲ್ದರ್ ಎಡಗಾಲಿನ ತುದಿಯಿಂದ ತಳ್ಳಿದ. ಚೆಂಡು ಕಂಬದ ಮೇಲಿಂದ ಹಾರಿ ಮೀನುಪುಡಿ ಕಾರ್ಖಾನೆಯ ಗೋಡೆಗೆ ಬಡಿಯಿತು.

ಎಚೆ, ಹೊರಗೆ, ಎಂದು ನಾನು ಪುಸ್ತಕದಲ್ಲಿ ಬರೆದೆ. ಬಾಲ್ತಸಾರ್ ಕೋಲು ಇಳಿಸಿ ಎವರಿಸ್ತೊನ ಕಡೆ ತಿರುಗಿದ.

"ಅರ್ಧ ಉಸಿರು ಬೇಗ ಆಯ್ತು," ಎಂದ. "ಇನ್ನೂ ಹತ್ತೊಂಬತ್ತು ಅಲ್ವಾ. ನಿಧಾನ ಆಗ್ತಾನೆ."