ಹಾಲು ಬಿಡುವ ಜಾಗ

ಮಾಡಿನ ಕಾದ ಶೀಟಿಗೆ ಅಂಗೈ ತಾಗಿದರೆ ಬೊಬ್ಬೆ ಏಳುತ್ತಿತ್ತು. ಸೋಲಾರ್ ಪ್ಯಾನಲ್ ಹೊತ್ತು ಹೊತ್ತು ಭವ್ಯಾಳ ಹೆಗಲು ಕಂದಿತ್ತು. ದಾವಣಗೆರೆಯ ಆ ಕಮ್ಯುನಿಟಿ ಕಾಲೇಜಿನಲ್ಲಿ ಎನರ್ಜಿ ಸಿಸ್ಟಮ್ಸ್ ಕೋರ್ಸಿಗೆ ಸೇರಿದ ಮಕ್ಕಳು ಪಾಠ ಕೇಳಿದ್ದಕ್ಕಿಂತ ಹರಿಹರದ ಹೊರಗಿನ ಅಕ್ಕಿ ಗಿರಣಿಯ ಮಾಡು ಹತ್ತಿದ್ದೇ ಹೆಚ್ಚು. ಕೂಲಿ ಕೇಳಿದರೆ ಕೋರ್ಸಿನ ಮೇಷ್ಟ್ರು ರವಿಚಂದ್ರ ಸರ್ ನಗುತ್ತಿದ್ದರು. "ಇದು ಕೂಲಿ ಅಲ್ರಮ್ಮ, ಪ್ರಾಕ್ಟಿಕಲ್." ಗಿರಣಿ ಸಾಹುಕಾರ ಕೊಟ್ಟ ಹಣ ಯಾರ ಜೇಬು ಸೇರುತ್ತಿತ್ತೋ ಆ ದೇವರೇ ಬಲ್ಲ.

ಬೀಳದಂತೆ ಸೊಂಟಕ್ಕೆ ಕಟ್ಟುವ ಬೆಲ್ಟ್ ಕೊಡಿ ಎಂದು ಕೇಳಿದವನು ಚೌಡೇಶ. ಭವ್ಯಾಳ ಊರು ಭಾನುವಳ್ಳಿಯವನೇ, ಹುಲಿಗೆಮ್ಮನ ಒಬ್ಬನೇ ಮಗ. "ಹತ್ತಲೇ, ಕೋತಿ ಹಂಗೆ ಹತ್ತೋ ವಯಸ್ಸು ನಿಂದು" ಎಂದರು ಸರ್. ಹತ್ತಿದ. ಹಳೇ ಸಿಮೆಂಟ್ ಶೀಟು ಲಟಕ್ಕನೆ ಮುರಿಯಿತು. ಗಿರಣಿಯ ನೆಲದ ಮೇಲೆ, ಭವ್ಯಾಳ ಕಣ್ಣೆದುರೇ ಹುಡುಗನ ಜೀವ ಹೋಯಿತು.

ಸಂಜೆಗೆಲ್ಲ ಸರ್, ಸಾಹುಕಾರ ಸೇರಿ ಬೇರೆ ಕಥೆ ಕಟ್ಟಿದರು. ಸರ್ ಮಕ್ಕಳನ್ನು ಕೂರಿಸಿ ಹೇಳಿದರು:

"ಗುತ್ತೂರ ಹತ್ರ ರಸ್ತೇಲಿ ಚೌಡೇಶನ ಬೈಕ್ ಸ್ಕಿಡ್ ಆಯ್ತು, ತಿಳೀತಾ? ಬಾಯಿಬಿಟ್ರೆ ಸರ್ಟಿಫಿಕೇಟೂ ಇಲ್ಲ, ಕೆಲಸಾನೂ ಇಲ್ಲ."

ಭವ್ಯಾಳ ಅವ್ವ ಭತ್ತದ ಗದ್ದೆಯಲ್ಲಿ ಕಳೆ ಕಿತ್ತು ಬೆನ್ನು ಬಗ್ಗಿಸಿಕೊಂಡವಳು. ಇಡೀ ಮನೆ ಆ ಸರ್ಟಿಫಿಕೇಟನ್ನೇ ನೆಚ್ಚಿತ್ತು. ಪೊಲೀಸರು ಕೇಳಿದಾಗ ಹುಡುಗಿ ಹೌದೆಂದು ತಲೆಯಾಡಿಸಿಬಿಟ್ಟಳು.

ಮೂರನೇ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲು-ತುಪ್ಪ ಬಿಟ್ಟ ಹುಲಿಗೆಮ್ಮ, ತಂಬಿಗೆಯಲ್ಲಿ ಒಂದಿಷ್ಟು ಹಾಲು ಉಳಿಸಿಕೊಂಡು ಭವ್ಯಾಳ ಮನೆಗೇ ಬಂದಳು.

"ನನ್ ಮಗ ಜೀವ ಬಿಟ್ಟ ಜಾಗ ತೋರ್ಸು ಬಾರವ್ವ. ಅಲ್ಲಿಗೂ ಒಂದ್ ತೊಟ್ಟು ಬಿಡ್ಬೇಕು. ಇಲ್ಲಾಂದ್ರ ಅಲ್ಲೇ ಬಾಯಾರಿ ನಿಂತಿರ್ತಾನ."

ಹೇಗೆ ಬೇಡ ಅಂದಾಳು? ಇಬ್ಬರೂ ಗುತ್ತೂರಿನಲ್ಲಿ ಬಸ್ಸಿಳಿದರು. ಭವ್ಯಾ ರಸ್ತೆಬದಿಯಲ್ಲಿ ತೋಚಿದತ್ತ ಬೆರಳು ಮಾಡಿದಳು. ಲಾರಿಗಳ ಧೂಳಿನಲ್ಲಿ ಹುಲಿಗೆಮ್ಮ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಜಲ್ಲಿ ಸರಿಸಿ, ಹೂವಿಟ್ಟಳು.

"ಇಲ್ಲೇನವ್ವ? ಒಂಚೂರೂ ನೆತ್ತರ ಕಾಣ್ವಲ್ದು." ತಂಬಿಗೆ ಬಗ್ಗಿಸಹೋದಳು.

ಅಯ್ಯೋ, ಹೆತ್ತವಳ ಕೈಲಿ ಸುಳ್ಳಿಗೆ ಹಾಲೆರೆಸುತ್ತಿದ್ದೇನಲ್ಲ! ಭವ್ಯಾ ಬಾಗಿ ಆ ಕೈ ಹಿಡಿದುಕೊಂಡಳು.

"ಬ್ಯಾಡ ದೊಡ್ಡವ್ವ! ಇಲ್ಲಿ ಅಲ್ಲ. ಗಿರಣ್ಯಾಗೆ ಬಿದ್ದ. ಬೆಲ್ಟ್ ಕೊಡ್ದೇ ಹತ್ತಿಸಿದ್ರು. ನಾನೇ ನೋಡೀನಿ."

ಹುಲಿಗೆಮ್ಮ ಅಳಲಿಲ್ಲ. "ನಡಿ" ಎಂದಳು.

ಗಿರಣಿಯ ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಮಾಡಿನ ಮೇಲೆ ಅವತ್ತೂ ಮಕ್ಕಳು ಬೆಲ್ಟಿಲ್ಲದೆ ಪ್ಯಾನಲ್ ಹೊರುತ್ತಿದ್ದರು. ವಾಚ್‌ಮನ್ ಕೊಟ್ಟೂರಪ್ಪ ತಲೆ ತಗ್ಗಿಸಿದ. "ಒಳಗ ಬಿಟ್ರೆ ಇಲ್ಲೇ ಸತ್ತ ಅಂತ ಒಪ್ಪಿದಂಗಾಗ್ತೈತೆ ಅಂತಾರ ಸಾಹುಕಾರ್ರು. ಹೋಗ್ರಮ್ಮ."

ಭವ್ಯಾ ಗಂಟಲು ಹರಿಯುವಂತೆ ಕೂಗಿದಳು. "ಇಳೀರಲೇ! ಚೌಡೇಶನ ಅವ್ವ ಬಂದಾಳ!"

"ಭವ್ಯಾ, ಸರ್ಟಿಫಿಕೇಟ್ ನೆನಪೈತಾ?" ಒಳಗಿನಿಂದ ರವಿಚಂದ್ರ ಸರ್ ಗದರಿದರು.

"ನೀವೇ ಇಟ್ಕೊಳ್ರಿ ಸರ್!"

ಮಕ್ಕಳು ಒಬ್ಬೊಬ್ಬರೇ ಇಳಿದು ಬಂದು ಗೇಟಿನ ಸರಳುಗಳ ಆಚೆ ಕೂತರು. ಈಚೆ ಹುಲಿಗೆಮ್ಮ, ಮಡಿಲಲ್ಲಿ ತಂಬಿಗೆ.

"ಬಿಸ್ಲಿಗೆ ಹಾಲು ಒಡೀತೈತಮ್ಮ" ಎಂದ ಕೊಟ್ಟೂರಪ್ಪ.

"ಒಡೀಲಿ ಬಿಡಪ್ಪ. ನಾಳೆ ಬ್ಯಾರೆ ತರ್ತೀನಿ. ಗೇಟ್ ತೆಗಿಯೋತನ ದಿನಾ ತರ್ತೀನಿ."